ಅಂಟಿನ ಜಾಗದಲ್ಲಿ ಶಿಲೀಂಧ್ರ: ಫಾರ್ಮಾಲ್ಡಿಹೈಡ್ ಬೆರೆಸದ ಮರದ ಹಲಗೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಬರಹದ ಕೇಂದ್ರದಲ್ಲಿರುವುದು ಮಧ್ಯಮ ಗಾತ್ರದ ಒಂದು ಪೀಠೋಪಕರಣ ಘಟಕ. ಶಾಲೆ ಮತ್ತು ಗ್ರಂಥಾಲಯಗಳಿಗೆ ಮೇಜು, ಕಪಾಟು, ಅಡ್ಡಗೋಡೆಗಳನ್ನು ಮಾಡಿಕೊಡುವ ಅದು ತನಗೆ ಬೇಕಾದ ಪಾರ್ಟಿಕಲ್ ಬೋರ್ಡನ್ನು, ಅಂದರೆ ಮರದ ಚಕ್ಕೆಗಳನ್ನು ಅಂಟಿನಿಂದ ಬೆಸೆದ ಹಲಗೆಯನ್ನು, ತನ್ನದೇ ಹಾಟ್ ಪ್ರೆಸ್ಸಿನಲ್ಲಿ (ಬಿಸಿ ತಟ್ಟೆಗಳ ನಡುವೆ ಒತ್ತುವ ಯಂತ್ರದಲ್ಲಿ) ಒತ್ತಿಕೊಳ್ಳುತ್ತಿತ್ತು. ಮರದ ತಂತ್ರಜ್ಞಾನದ ಸಲಹೆಗಾರನಾಗಿ ನಾನು ಈ ಪ್ರಯೋಗದ ಆರಂಭದಿಂದ ಕೊನೆಯವರೆಗೆ ಅವರ ಜೊತೆಗಿದ್ದೆ. ಘಟಕದ ಹೆಸರು, ಊರು ಮತ್ತು ಅಲ್ಲಿ ದುಡಿಯುವವರ ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ. ತಾಂತ್ರಿಕ ನಿರ್ಧಾರಗಳನ್ನು, ಅದರಲ್ಲೂ ತಪ್ಪಿದ ನಿರ್ಧಾರಗಳನ್ನು, ಅವು ನಡೆದ ಕ್ರಮದಲ್ಲಿಯೇ ಬರೆದಿದ್ದೇನೆ.

ಘಟಕ ಬಳಸುತ್ತಿದ್ದ ಅಂಟು ಯೂರಿಯಾ-ಫಾರ್ಮಾಲ್ಡಿಹೈಡ್. ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡುವ ಹಲಗೆ) ತಯಾರಿಕೆಯಲ್ಲಿ ಪ್ರಪಂಚದಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಅಗ್ಗ, ಬಣ್ಣವಿಲ್ಲ, ಪ್ರೆಸ್ಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಅದರ ಬಂಧಗಳು ಶಾಶ್ವತವಲ್ಲ. ತೇವ ಮತ್ತು ಬಿಸಿ ಒಟ್ಟಿಗೆ ತಗಲಿದಾಗ ಅವು ನಿಧಾನವಾಗಿ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಬಿಡುತ್ತವೆ, ಮತ್ತು ಈ ಬಿಡುಗಡೆ ಹಲಗೆ ಬಳಕೆಗೆ ಬಂದ ಮೇಲೂ ವರ್ಷಗಟ್ಟಲೆ ಮುಂದುವರಿಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಒಳಾಂಗಣ ಗಾಳಿಯ ಮಾರ್ಗಸೂಚಿ, ಅರ್ಧ ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ ಮೀರಬಾರದೆಂದು ಹೇಳುತ್ತದೆ.

ಘಟಕದವರು ಈ ಅಂಕಿಗಳನ್ನು ಓದಿ ನನ್ನನ್ನು ಕರೆದದ್ದಲ್ಲ. ಪ್ರೆಸ್ ತೆರೆಯುವ ಜಾಗದಲ್ಲಿ ನಿಲ್ಲುವ ಇಬ್ಬರಿಗೆ ಪ್ರತಿದಿನ ಕಣ್ಣುರಿ, ಗಂಟಲ ಕೆರೆತ. ಗಾಳಿ ಹೊರಹಾಕುವ ಫ್ಯಾನು ಹಾಕಿಸಿದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಅದೇ ಹೊತ್ತಿಗೆ ಸಣ್ಣ ಮಕ್ಕಳ ಶಾಲೆಗಳಿಗೆ ಸಾಮಾನು ಕೊಳ್ಳುವ ಗಿರಾಕಿಯೊಬ್ಬರು, ಮುಂದಿನ ಬೇಡಿಕೆಯಿಂದ ಫಾರ್ಮಾಲ್ಡಿಹೈಡ್ ಬೆರೆಸದ ಹಲಗೆಯೇ ಬೇಕೆಂದು ಬರೆದು ತಿಳಿಸಿದರು. ಮಾಲೀಕರು ಈ ಎರಡು ಮಾತುಗಳನ್ನೂ ಒಂದೇ ಗಂಭೀರತೆಯಿಂದ ತೆಗೆದುಕೊಂಡರು. ಕೆಲಸಗಾರರ ಕಣ್ಣುರಿ ಅವರಿಗೆ ಗಿರಾಕಿಯ ಪತ್ರಕ್ಕಿಂತ ಕಡಿಮೆ ತೂಕದ್ದಾಗಿರಲಿಲ್ಲ. ಈ ಪ್ರಯೋಗ ಅರ್ಧಕ್ಕೆ ನಿಲ್ಲದೆ ಇದ್ದುದಕ್ಕೆ ಅದೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ಶಿಲೀಂಧ್ರವನ್ನೇ ಆರಿಸಿಕೊಂಡದ್ದು

ಎದುರಿಗೆ ಮೂರು ದಾರಿಗಳಿದ್ದವು. ಪಿಎಂಡಿಐ ಎಂಬ ಐಸೋಸಯನೇಟ್ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ, ಗಟ್ಟಿಯಾದ ಹಲಗೆ ಮನೆಯೊಳಗೆ ಸುರಕ್ಷಿತ, ನೀರಿಗೂ ಬಗ್ಗುವುದು ಕಡಿಮೆ. ಆದರೆ ಗಟ್ಟಿಯಾಗುವ ಮೊದಲು ಅದರ ಆವಿ ಮತ್ತು ತುಂತುರು ಉಸಿರಾಟದ ಅಲರ್ಜಿಯನ್ನು, ಕೆಲವರಲ್ಲಿ ಅಸ್ತಮಾವನ್ನು ತರಬಲ್ಲದು. ಗಿರಾಕಿಯ ತೊಂದರೆ ನೀಗಿಸಿ ಪ್ರೆಸ್ಸಿನ ಮುಂದೆ ನಿಲ್ಲುವವರ ತೊಂದರೆಯನ್ನು ಬದಲಿಸಿಕೊಂಡಂತೆ ಆಗುತ್ತಿತ್ತು. ಸೋಯಾ ಪ್ರೋಟೀನಿನ ಅಂಟು ಪ್ಲೈವುಡ್ಡಿನಲ್ಲಿ ಚೆನ್ನಾಗಿ ನೆಲೆಯೂರಿದೆ. ಅದು ಮಂದವಾಗಿರುವುದರಿಂದ ಸಣ್ಣ ಚಕ್ಕೆಗಳ ಮೇಲೆ ಸಮನಾಗಿ ಸಿಂಪಡಿಸುವುದು ಇವರಲ್ಲಿದ್ದ ಯಂತ್ರಕ್ಕೆ ಆಗದ ಕೆಲಸ. ಮೂರನೆಯದು ಮೈಸೀಲಿಯಂ, ಅಂದರೆ ಅಣಬೆಯಾಗಿ ಹೊರಗೆ ಕಾಣಿಸಿಕೊಳ್ಳುವ ಮೊದಲು ಶಿಲೀಂಧ್ರವು ಮರದೊಳಗೆ ಹೆಣೆಯುವ ಬಿಳಿ ಎಳೆಗಳ ಜಾಲ.

ಮಾಲೀಕರ ಮಗಳು ಹಿಂದೆ ಚಿಪ್ಪು ಅಣಬೆ ಬೆಳೆದವರು. ಅಣಬೆ ಕಿತ್ತ ಮೇಲೆ ಉಳಿಯುವ ಚೀಲ ಕೈಯಲ್ಲಿ ಮುರಿಯಲಾಗದಷ್ಟು ಬಿಗಿಯಾಗಿರುವುದನ್ನು ಅವರು ಸ್ವತಃ ಕಂಡಿದ್ದರು. ಅಮೆರಿಕದ ಎಬೆನ್ ಬೇಯರ್ ಮತ್ತು ಗ್ಯಾವಿನ್ ಮ್ಯಾಕಿಂಟೈರ್ 2007ರಲ್ಲಿ ಆರಂಭಿಸಿದ ಇಕೋವೇಟಿವ್ ಸಂಸ್ಥೆ ಇದೇ ಗುಣವನ್ನು ನೆಚ್ಚಿಕೊಂಡು ಥರ್ಮೋಕೋಲಿನ ಬದಲಿಗೆ ಪ್ಯಾಕಿಂಗ್ ಸಾಮಗ್ರಿ ಮಾಡುತ್ತಿರುವುದೂ ಅವರಿಗೆ ಗೊತ್ತಿತ್ತು. ಇವರೇ ಮೈಸೀಲಿಯಂ ಪರವಾಗಿ ಹಟ ಹಿಡಿದರು. ನನಗೆ ಸಂದೇಹವಿತ್ತು, ಅದನ್ನು ಹೇಳಿಯೂ ಇದ್ದೆ. ಪ್ಯಾಕಿಂಗ್ ಸಾಮಗ್ರಿ ಹಗುರವಾಗಿದ್ದಷ್ಟು ಒಳ್ಳೆಯದು. ಒತ್ತದೆ ಬೆಳೆಸಿದ ಮೈಸೀಲಿಯಂ ಸಾಮಗ್ರಿಯ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 100ರಿಂದ 250 ಕಿಲೋ ಇದ್ದರೆ ಪಾರ್ಟಿಕಲ್ ಬೋರ್ಡಿನದು 600ರಿಂದ 700. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲುತ್ತದೆಂಬ ಖಾತರಿ ಇರಲಿಲ್ಲ.

ಆದರೂ ಒಪ್ಪಿಕೊಳ್ಳಲು ನನಗೊಂದು ಆಧಾರವಿತ್ತು. ಮರದಲ್ಲೇ ಅಂಟಿದೆ. ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್, ಬಿಸಿ ಮತ್ತು ತೇವ ಸಿಕ್ಕರೆ ಮೆದುವಾಗಿ ತಣಿದಾಗ ಮತ್ತೆ ಬಿಗಿಯುತ್ತದೆ. ವಿಲಿಯಂ ಮೇಸನ್ 1924ರಲ್ಲಿ ರೂಪಿಸಿದ ಹಾರ್ಡ್‌ಬೋರ್ಡ್, ಹಬೆಯಿಂದ ಸಿಡಿಸಿದ ಮರದ ನಾರನ್ನು ಹೊರಗಿನ ಅಂಟಿಲ್ಲದೆ ಬಿಸಿಯಲ್ಲಿ ಒತ್ತಿ ಮಾಡಿದ್ದು ಈ ಗುಣದಿಂದಲೇ. ಬಿಳಿ ಕೊಳೆ ತರುವ ಶಿಲೀಂಧ್ರಗಳು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಮೊದಲಾದ ಕಿಣ್ವಗಳಿಂದ ಇದೇ ಲಿಗ್ನಿನ್ನನ್ನು ಸಡಿಲಿಸುತ್ತವೆ. ಹಾಗಾದರೆ ಶಿಲೀಂಧ್ರ ಎರಡು ಬಗೆಯಲ್ಲಿ ನೆರವಾಗಬಹುದು: ಜೀವಕೋಶದ ಗೋಡೆ ಕಟ್ಟುವ ಕೈಟಿನ್ ಮತ್ತು ಗ್ಲೂಕಾನ್‌ಗಳಿಂದಾದ ತನ್ನ ಎಳೆಗಳಿಂದ ಚಕ್ಕೆಗಳನ್ನು ಹೊಲಿಯುವುದು ಒಂದು, ಚಕ್ಕೆಯ ಮೇಲ್ಮೈಯ ಲಿಗ್ನಿನ್ನನ್ನು ಪ್ರೆಸ್ಸಿನಲ್ಲಿ ಬೆಸೆದುಕೊಳ್ಳುವಂತೆ ಹದ ಮಾಡುವುದು ಇನ್ನೊಂದು. ಈ ಎರಡನೆಯದರ ಮಹತ್ವ ನಮಗೆ ನಿಜವಾಗಿ ಅರ್ಥವಾಗಲು ಹಲವು ತಿಂಗಳು ಹಿಡಿಯಿತು.

ಮೊದಲ ಹಲಗೆ

ಆರಂಭ ಸರಳವಾಗಿತ್ತು. ಗರಗಸದ ಹುಡಿ ಮತ್ತು ಸಣ್ಣ ಚಕ್ಕೆಗಳನ್ನು ನೆನೆಸಿ, ಸ್ವಲ್ಪ ಗೋಧಿ ಬೂಸಾ ಬೆರೆಸಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆಯೊತ್ತಡದಿಂದ ಸೂಕ್ಷ್ಮಜೀವಿಗಳನ್ನು ಕೊಂದು, ತಣಿದ ಮೇಲೆ ಚಿಪ್ಪು ಅಣಬೆಯ ಬೀಜವನ್ನು (ಶಿಲೀಂಧ್ರದ ಎಳೆ ಹಬ್ಬಿಸಿದ ಕಾಳನ್ನು) ಬೆರೆಸಿ ಅಚ್ಚುಗಳಲ್ಲಿ ತುಂಬಲಾಯಿತು. ತೇವಾಂಶ ಒಟ್ಟು ತೂಕದ ಶೇಕಡ 60ರ ಸುತ್ತ. ಕೋಣೆ ಕತ್ತಲು, ಉಷ್ಣತೆ 26 ಡಿಗ್ರಿ. ಎರಡು ವಾರಗಳಲ್ಲಿ ಅಚ್ಚು ತೆಗೆದಾಗ ಹಾಲಿನಂತೆ ಬಿಳಿಯಾದ, ಎತ್ತಿ ಹಿಡಿದರೂ ಬಾಗದ ಹಾಸು ಕೈಗೆ ಬಂತು. ನೋಡಿದವರೆಲ್ಲ ಸಂತೋಷಪಟ್ಟರು, ನಾನೂ ಪಟ್ಟೆ.

ಮುಂದಿನ ಹೆಜ್ಜೆಯಲ್ಲಿ ನಾವು ಅಂಟಿನ ಅಭ್ಯಾಸಕ್ಕೆ ಬಲಿಯಾದೆವು. ಅಂಟು ಬೆರೆಸಿದ ಚಕ್ಕೆಯ ಹಾಸನ್ನು ಪ್ರೆಸ್ಸಿಗೆ ಹಾಕುವಾಗ ಅದರ ತೇವಾಂಶ ಸುಮಾರು ಶೇಕಡ 10ರ ಆಸುಪಾಸಿನಲ್ಲಿರಬೇಕು, ಹೆಚ್ಚಾದರೆ ಹಬೆ ಹಲಗೆಯನ್ನು ಸೀಳುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಹಾಗಾಗಿ ಹಾಸುಗಳನ್ನು ಒಲೆಯಲ್ಲಿ ಸಂಪೂರ್ಣ ಒಣಗಿಸಿ, ಆಮೇಲೆ 18 ಮಿಲಿಮೀಟರ್ ದಪ್ಪಕ್ಕೆ ಒತ್ತಿದೆವು. ಹೊರಬಂದ ಹಲಗೆ ನೋಡಲು ಚೆನ್ನಾಗಿತ್ತು, ಗರಗಸಕ್ಕೆ ಕೊಟ್ಟಾಗ ಅಂಚು ಉದುರಿತು. ನಡುವೆ ಬೆರಳಿಟ್ಟು ಎಳೆದರೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಹಲಗೆಯ ಎರಡು ಮುಖಗಳನ್ನು ವಿರುದ್ಧ ದಿಕ್ಕಿಗೆ ಎಳೆದು ಒಳಬಂಧದ ಬಲವನ್ನು ಅಳೆಯುವ ಪರೀಕ್ಷೆಯಲ್ಲಿ, ಈ ದಪ್ಪದ ಪೀಠೋಪಕರಣದ ಹಲಗೆಗೆ ಯುರೋಪಿನ ಇಎನ್ 312 ಮಾನದಂಡ ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 0.35 ನ್ಯೂಟನ್. ನಮ್ಮದು ಅದರ ಕಾಲುಭಾಗವನ್ನೂ ತಲುಪಲಿಲ್ಲ.

ಆಗ ಮಾಡಿದ ಊಹೆ, ಎಳೆಗಳು ಸಾಲದಾಗಿವೆ ಎಂಬುದು. ಆದ್ದರಿಂದ ಎರಡು ವಾರದ ಬೆಳವಣಿಗೆಯನ್ನು ನಾಲ್ಕು ವಾರಕ್ಕೆ ಏರಿಸಿದೆವು. ಹಲಗೆ ಇನ್ನೂ ದುರ್ಬಲವಾಯಿತು. ಬೆಳವಣಿಗೆಗೆ ಮೊದಲು ಮತ್ತು ಅನಂತರ ಒಣತೂಕ ನೋಡಿದಾಗ ಕಾರಣ ತಿಳಿಯಿತು: ತೂಕದ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಕಾಣೆಯಾಗಿತ್ತು. ಶಿಲೀಂಧ್ರ ನಮಗಾಗಿ ಹೊಲಿಗೆ ಹಾಕುತ್ತಿರಲಿಲ್ಲ. ಅದು ಊಟ ಮಾಡುತ್ತಿತ್ತು, ಹೊಲಿಗೆ ಆ ಊಟದ ದಾರಿಯಲ್ಲಿ ಆದದ್ದು. ತಿಂದ ಮರ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ, ಹಿಡಿದಿಡಬೇಕಾದ ಚಕ್ಕೆಯೇ ಒಳಗಿನಿಂದ ಟೊಳ್ಳಾಗುತ್ತದೆ. ಎಳೆ ಚಕ್ಕೆಗಳನ್ನು ಸುತ್ತಿಕೊಂಡಿರಬೇಕು, ಚಕ್ಕೆ ಇನ್ನೂ ಗಟ್ಟಿಯಾಗಿರಬೇಕು. ಈ ಎರಡರ ನಡುವಿನ ಕೆಲವೇ ದಿನಗಳು ಹಲಗೆಗೆ ಒದಗುವ ದಿನಗಳು.

ಕಾಣದ ವಿಷ

ಮುಂದಿನ ಸುತ್ತಿನಲ್ಲಿ ಇನ್ನೊಂದು ತೊಂದರೆ ತಲೆಯೆತ್ತಿತು, ಮತ್ತು ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಒಂದೇ ದಿನ ತುಂಬಿದ ಚೀಲಗಳಲ್ಲಿ ಕೆಲವು ಚೆನ್ನಾಗಿ ಬಿಳುಪೇರಿದವು. ಕೆಲವು ಹಾಗೆಯೇ ಕಂದು ಬಣ್ಣದಲ್ಲಿ ಉಳಿದವು. ಕೆಲವಕ್ಕೆ ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಹತ್ತಿತು. ಮೊದಲು ಹಬೆಯ ಸಮಯವನ್ನು, ಆಮೇಲೆ ಬೀಜ ಪೂರೈಸುವವರನ್ನು ಅನುಮಾನಿಸಿದೆವು. ಬೂಸಾ ಹೆಚ್ಚಾದರೆ ಬೂಷ್ಟಿಗೆ ಹಬ್ಬವಾಗುತ್ತದೆ ಎಂಬುದು ಅಣಬೆ ಬೆಳೆಯುವವರಿಗೆ ಗೊತ್ತಿರುವ ಮಾತು, ಆದ್ದರಿಂದ ಅದನ್ನೂ ಕಡಿಮೆ ಮಾಡಿದೆವು. ಬೂಷ್ಟು ತಗ್ಗಿತು, ಆದರೆ ಕಂದು ಚೀಲಗಳು ಕಂದಾಗಿಯೇ ಉಳಿದವು.

ಕೊನೆಗೆ ಉತ್ತರ ಸಿಕ್ಕಿದ್ದು ಹುಡಿ ತುಂಬುವ ಮೂಲೆಯಲ್ಲಿ. ಅಲ್ಲಿ ಕಸ ಗುಡಿಸುತ್ತಿದ್ದ ಹಿರಿಯ ಕೆಲಸಗಾರರೊಬ್ಬರು, ಗರಗಸದ ಹುಡಿಯೆಂದು ನಾವು ಕರೆಯುತ್ತಿದ್ದ ರಾಶಿಗೆ ಮೂರು ಯಂತ್ರಗಳಿಂದ ಹುಡಿ ಬಂದು ಬೀಳುತ್ತದೆಂದು ತೋರಿಸಿಕೊಟ್ಟರು. ಒಂದು ಹಸಿ ಮರ ಸೀಳುವ ಗರಗಸ, ಇನ್ನೊಂದು ಹಳೆಯ ತೇಗದ ತೊಲೆಗಳನ್ನು ಕೊಯ್ಯುವ ಗರಗಸ, ಮೂರನೆಯದು ಹಿಂದಿನ ಅಂಟಿನಿಂದ ಮಾಡಿದ ಹಲಗೆಗಳನ್ನು ಕತ್ತರಿಸುವ ಯಂತ್ರ. ತೇಗದ ತಿರುಳಿನಲ್ಲಿ ಶಿಲೀಂಧ್ರವನ್ನು ತಡೆಯುವ ಸಹಜ ರಾಸಾಯನಿಕಗಳಿವೆ. ಅದು ಕೊಳೆಯದೆ ಬಾಳುವುದೇ ಅದರಿಂದ. ಹಳೆಯ ಹಲಗೆಯ ಹುಡಿಯಲ್ಲಿರುವ ಫಾರ್ಮಾಲ್ಡಿಹೈಡಾದರೋ ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಬಳಸುವ ವಸ್ತು, ಮತ್ತು ನಮ್ಮ ಹಬೆಯ ಒತ್ತಡ ಆ ಅಂಟನ್ನು ಒಡೆದು ಅದನ್ನು ಬಿಡಿಸಲು ಹೇಳಿ ಮಾಡಿಸಿದಂತಿತ್ತು. ಯಾವ ವಸ್ತುವನ್ನು ಮನೆಯಿಂದ ಹೊರಹಾಕಲು ಹೊರಟಿದ್ದೆವೋ ಅದೇ ಹಿಂಬಾಗಿಲಿನಿಂದ ಬಂದು ನಮ್ಮ ಶಿಲೀಂಧ್ರವನ್ನು ಕೊಲ್ಲುತ್ತಿತ್ತು.

ಮೂರೂ ಹುಡಿಗಳನ್ನು ಬೇರೆ ಬೇರೆ ಗಾಜಿನ ಜಾಡಿಗಳಲ್ಲಿ ತುಂಬಿ, ಒಂದೇ ಬೀಜ ಹಾಕಿ ಪರೀಕ್ಷಿಸಿದೆವು. ಹಸಿ ಮರದ ಜಾಡಿ ಒಂದು ವಾರದಲ್ಲಿ ಬಿಳಿಯಾಯಿತು. ತೇಗದ್ದರಲ್ಲಿ ಎಳೆ ಅಂಚಿನಲ್ಲೇ ನಿಂತಿತು. ಹಳೆಯ ಹಲಗೆಯ ಜಾಡಿಯಲ್ಲಿ ಬೀಜದ ಕಾಳಿನಿಂದ ಎಳೆ ಹೊರಗೇ ಬರಲಿಲ್ಲ. ಅಂದಿನಿಂದ ಹುಡಿ ಹಸಿ ಮರದ ಗರಗಸದಿಂದ ಮಾತ್ರ ಬರುತ್ತದೆ, ಪ್ರತಿ ಚೀಲಕ್ಕೂ ಯಂತ್ರದ ಗುರುತು ಅಂಟಿಸಲಾಗುತ್ತದೆ. ಇಂಥ ಪ್ರಯೋಗ ಮಾಡಹೊರಟವರಿಗೆ ನಾನು ಹೇಳುವ ಮೊದಲ ಕೆಲಸವೂ ಇದೇ: ಬೀಜ ಕೊಳ್ಳುವ ಮೊದಲು ಹುಡಿಯ ಮೂಲವನ್ನು ನಡೆದು ನೋಡಬೇಕು, ಗುಡಿಸುವವರನ್ನು ಕೇಳಬೇಕು.

ತೇವದ ಪ್ರಶ್ನೆ

ಈ ನಡುವೆ ಶಿಲೀಂಧ್ರವನ್ನೂ ಬದಲಿಸಿದ್ದೆವು. ಚಿಪ್ಪು ಅಣಬೆ ಬೇಗ ಬೆಳೆಯುತ್ತದೆ, ಆದರೆ ಅದರಲ್ಲಿರುವುದು ತೆಳುಗೋಡೆಯ ಒಂದೇ ಬಗೆಯ ಎಳೆ. ಟ್ರಮೆಟಿಸ್ ವರ್ಸಿಕಲರ್ ಎಂಬ ಮರದ ಶಿಲೀಂಧ್ರದಲ್ಲಿ ಮೂರು ಬಗೆಯವು ಇರುತ್ತವೆ: ಬೆಳೆಯುವ ಎಳೆ, ದಪ್ಪಗೋಡೆಯ ಗಟ್ಟಿ ಎಳೆ, ಕವಲೊಡೆದು ಅವೆರಡನ್ನೂ ಬಿಗಿಯುವ ಎಳೆ. ಹಲಗೆಗೆ ಇದು ಹೊಂದುತ್ತದೆಂದು ತರ್ಕ ಹೇಳಿತು, ಕೈಯೂ ಒಪ್ಪಿತು. ಹಾಸು ಮುರಿಯುವಾಗ ಚರ್ಮ ಹರಿದಂತೆ ಸದ್ದಾಗುತ್ತಿತ್ತು.

ಬೆಳೆಸುವ ಕ್ರಮವನ್ನು ಎರಡು ಹಂತ ಮಾಡಿದೆವು. ಮೊದಲು ಚೀಲದಲ್ಲಿ ಒಂದು ವಾರ. ಆಮೇಲೆ ಆ ಮುದ್ದೆಯನ್ನು ಪುಡಿಮಾಡಿ, ಅಚ್ಚಿನಲ್ಲಿ ಸಮನಾಗಿ ಹರಡಿ ಇನ್ನೂ ಐದಾರು ದಿನ. ತುಂಡಾದ ಎಳೆಗಳು ಎದುರಾದ ಎಳೆಗಳೊಂದಿಗೆ ಬೆಸೆದುಕೊಂಡು ಮತ್ತೆ ಒಂದೇ ಜಾಲವಾಗುತ್ತವೆ, ಹಾಗಾಗಿ ಹಲಗೆಯ ಉದ್ದಕ್ಕೂ ಹಿಡಿತ ಸಮನಾಗಿ ಬರುತ್ತದೆ. ಒತ್ತಿದ ಮೇಲೆ 18 ಮಿಲಿಮೀಟರ್ ಆಗಬೇಕಾದ ಹಾಸು ಒತ್ತುವ ಮೊದಲು ಅದರ ಮೂರರಷ್ಟು ದಪ್ಪವಿರುತ್ತಿತ್ತು. ಹಾಸುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಶಿಲೀಂಧ್ರದ ಉಸಿರಾಟದಿಂದ ಹುಟ್ಟುವ ಬಿಸಿ ನಡುವೆ ಸಿಕ್ಕಿಕೊಂಡು, ಕೋಣೆ 26 ಡಿಗ್ರಿ ಇದ್ದಾಗಲೂ ಹಾಸಿನ ಒಡಲು 34ಕ್ಕೆ ಏರಿದ್ದನ್ನು ಉಷ್ಣಮಾಪಕ ತೋರಿಸಿತು. ಪೇರಿಸುವುದನ್ನು ನಿಲ್ಲಿಸಿ, ಗಾಳಿಯಾಡುವ ಅಟ್ಟಣೆಗಳಲ್ಲಿ ಬಿಡಿಬಿಡಿಯಾಗಿ ಇಟ್ಟೆವು. ಜಾಗ ಹೆಚ್ಚು ಬೇಕಾಯಿತು. ಬೇರೆ ದಾರಿ ಇರಲಿಲ್ಲ.

ಉಳಿದದ್ದು ತೇವದ ಪ್ರಶ್ನೆ. ಸಂಪೂರ್ಣ ಒಣಗಿಸಿದರೆ ಬೆಸುಗೆಯಿಲ್ಲ ಎಂದು ಗೊತ್ತಾಗಿತ್ತು. ಹಾಗಾದರೆ ಹಸಿಯಾಗಿಯೇ ಒತ್ತೋಣವೆಂದು ಒಂದು ದಿನ ಶೇಕಡ 40ಕ್ಕೂ ಮೇಲೆ ತೇವವಿದ್ದ ಹಾಸನ್ನು 170 ಡಿಗ್ರಿಯ ಪ್ರೆಸ್ಸಿಗೆ ಹಾಕಿದರು. ನಾನು ಅಂದು ಅಲ್ಲಿರಲಿಲ್ಲ. ಇದ್ದಿದ್ದರೆ ತಡೆಯುತ್ತಿದ್ದೆನೆಂದು ಹೇಳಲಾರೆ, ಏಕೆಂದರೆ ಹಿಂದಿನ ವಾರ ಆ ದಿಕ್ಕಿಗೆ ಯೋಚನೆ ಹಚ್ಚಿದ್ದು ನಾನೇ. ಪ್ರೆಸ್ ತೆರೆದೊಡನೆ ಒಳಗೆ ಸೆರೆಯಾಗಿದ್ದ ಹಬೆ ಹಲಗೆಯನ್ನು ನಡುವೆ ಸೀಳಿ ಚೂರುಗಳನ್ನು ಹೊರಗೆಸೆಯಿತು. ಎದುರಿಗೆ ಯಾರೂ ನಿಂತಿರಲಿಲ್ಲವಾದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಮರುದಿನವೇ ಪ್ರೆಸ್ಸಿನ ಮುಂದೆ ಲೋಹದ ತಡೆ ಹಾಕಿಸಲಾಯಿತು, ಒತ್ತಡವನ್ನು ಒಮ್ಮೆಲೇ ಬಿಡಬಾರದೆಂದು ಬರೆದು ಗೋಡೆಗೆ ಅಂಟಿಸಲಾಯಿತು. ಯಾವ ಪ್ರಯೋಗವನ್ನೂ ಅದರ ಅಪಾಯವನ್ನು ಕಾಗದದ ಮೇಲೆ ಬರೆದು ನೋಡದೆ ಮಾಡಕೂಡದೆಂಬ ನಿಯಮವನ್ನು ನಾವು ಒಪ್ಪಿಕೊಂಡದ್ದು ಅಂದೇ, ಮೊದಲೇ ಒಪ್ಪಬೇಕಿತ್ತು.

ಸೀಳಿದ ಆ ಹಲಗೆಯ ಚೂರುಗಳೇ ನಮಗೆ ದಾರಿ ತೋರಿಸಿದವು. ನಡುಭಾಗ ಹರಿದುಹೋಗಿತ್ತು, ಆದರೆ ಬಿಸಿ ತಟ್ಟೆಗೆ ತಾಗಿದ್ದ ಮುಖದ ಎರಡು ಮೂರು ಮಿಲಿಮೀಟರಿನ ಪದರ ಬೆರಳುಗುರಿಗೂ ಬಗ್ಗದಷ್ಟು ಗಟ್ಟಿಯಾಗಿ, ಹೊಳಪೇರಿತ್ತು. ಒಣ ಹಾಸಿನಿಂದ ಮಾಡಿದ ಯಾವ ಹಲಗೆಯಲ್ಲೂ ಅಂಥ ಪದರ ಕಂಡಿರಲಿಲ್ಲ. ಕಾರಣ ಲಿಗ್ನಿನ್ನಿನಲ್ಲಿದೆ. ತೇವವಿರುವಾಗ ಅದು 100 ಡಿಗ್ರಿಗಿಂತ ಕೆಳಗೇ ಮೆದುವಾಗತೊಡಗುತ್ತದೆ. ಒಣಗಿದ್ದರೆ ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ಶಿಲೀಂಧ್ರದ ಗೋಡೆಯ ಪ್ರೋಟೀನುಗಳೂ ತೇವವಿದ್ದಾಗಲೇ ಸುಲಭವಾಗಿ ಹರಡಿ, ಬಿಸಿಗೆ ಕಟ್ಟಿಕೊಳ್ಳುತ್ತವೆ. ನಮ್ಮ ಒಣ ಹಾಸಿನಲ್ಲಿ ಎಳೆಗಳು ಕೇವಲ ದಾರಗಳಾಗಿ ಉಳಿದಿದ್ದವು. ನೀರು ನಾವು ತೊಲಗಿಸಬೇಕಾದ ಶತ್ರುವಲ್ಲ, ಅಳತೆಯಲ್ಲಿ ಉಳಿಸಿಕೊಳ್ಳಬೇಕಾದ ಪದಾರ್ಥ ಎಂಬುದು ಈ ಪ್ರಕರಣದ ತಿರುವು.

ಆಮೇಲಿನ ಆರು ವಾರ ಆ ಅಳತೆಯ ಹುಡುಕಾಟದಲ್ಲಿ ಕಳೆದವು. ಕೊನೆಗೆ ನಿಂತ ಕ್ರಮ ಹೀಗೆ: ಹಾಸುಗಳನ್ನು 40 ಡಿಗ್ರಿಯ ಗಾಳಿಯಲ್ಲಿ, ತೂಕ ನೋಡುತ್ತ, ತೇವಾಂಶ ಶೇಕಡ 15ರಿಂದ 18ರ ನಡುವೆ ಬರುವವರೆಗೆ ಒಣಗಿಸುವುದು. 160 ಡಿಗ್ರಿಯಲ್ಲಿ ನಿಧಾನವಾಗಿ ಒತ್ತುವುದು. ಮಧ್ಯೆ ಮಧ್ಯೆ ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಹಬೆಗೆ ದಾರಿ ಬಿಡುವುದು. ಹಲಗೆಯ ನಡುವೆ ತೂರಿಸಿದ ಉಷ್ಣಮಾಪಕ 100 ಡಿಗ್ರಿ ದಾಟಿ ಕೆಲವು ನಿಮಿಷ ನಿಂತಿದ್ದನ್ನು ಖಚಿತಪಡಿಸಿಕೊಂಡೇ ಪ್ರೆಸ್ ತೆರೆಯುವುದು, ಏಕೆಂದರೆ ಶಿಲೀಂಧ್ರ ಸಂಪೂರ್ಣ ಸತ್ತಿರಬೇಕು. ಯೂರಿಯಾ ಅಂಟಿನ ಹಲಗೆಗಿಂತ ಪ್ರೆಸ್ಸಿನಲ್ಲಿ ಹಲವು ಪಟ್ಟು ಹೆಚ್ಚು ಹೊತ್ತು ಹಿಡಿಯಿತು.

ಬಂದ ಫಲ

ಒಳ್ಳೆಯ ಸುತ್ತುಗಳಲ್ಲಿ ಒಳಬಂಧದ ಬಲ, ಒಣ ಜಾಗದ ಸಾಮಾನ್ಯ ಬಳಕೆಗೆ ಇಎನ್ 312 ಕೇಳುವ 0.24 ನ್ಯೂಟನ್ನನ್ನು ದಾಟಿತು. ಪೀಠೋಪಕರಣಕ್ಕೆ ಬೇಕಾದ 0.35ನ್ನು ಕೆಲವು ಹಲಗೆಗಳು ಮುಟ್ಟಿದವು, ಹೆಚ್ಚಿನವು ಮುಟ್ಟಲಿಲ್ಲ. ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟರೆ ದಪ್ಪ ವಿಪರೀತ ಉಬ್ಬುತ್ತಿತ್ತು. ಮೈಸೀಲಿಯಮ್ಮಿನ ಹೊರಚರ್ಮದ ಮೇಲೆ ನೀರ ಹನಿ ಮುತ್ತಿನಂತೆ ಉರುಳುವುದನ್ನು ನೋಡಿ ಹಲಗೆಯೇ ನೀರು ತಡೆಯುತ್ತದೆಂದು ಭಾವಿಸಿದವರಿಗೆ ಇದು ನಿರಾಸೆ ತಂದಿತು. ಕತ್ತರಿಸಿದ ಅಂಚಿನಲ್ಲಿ ಆ ಚರ್ಮ ಇರುವುದಿಲ್ಲ, ಒಳಗಿನ ಚಕ್ಕೆ ನೀರು ಹೀರುತ್ತದೆ.

ಇಲ್ಲಿ ಘಟಕದೊಳಗೆ ಗಂಭೀರ ಚರ್ಚೆ ನಡೆಯಿತು. ಉತ್ಪಾದನೆಯ ಹೊಣೆ ಹೊತ್ತವರು, ಹಳೆಯ ಅಂಟನ್ನು ಶೇಕಡ ಎರಡು ಮೂರರಷ್ಟು ಬೆರೆಸಿದರೆ ಎಲ್ಲ ಹಲಗೆಗಳೂ 0.35 ದಾಟುತ್ತವೆ, ಹೊಗೆಯೂ ಮೊದಲಿನಷ್ಟು ಇರುವುದಿಲ್ಲ ಎಂದು ವಾದಿಸಿದರು. ಅವರ ವಾದದಲ್ಲಿ ತಾಂತ್ರಿಕ ತಪ್ಪಿರಲಿಲ್ಲ. ಮಾಲೀಕರು ಒಪ್ಪಲಿಲ್ಲ. ಪ್ರೆಸ್ಸಿನ ಮುಂದೆ ನಿಲ್ಲುವವರಿಗೆ ಇನ್ನು ಅದು ಬರುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಹೇಳಿದರು. ನಾನು ಅವರ ಪರ ನಿಂತೆ, ಇಂದಿಗೂ ಆ ನಿಲುವು ಸರಿಯೆಂದೇ ನಂಬುತ್ತೇನೆ. ಹಲಗೆಯನ್ನು ಬಲಪಡಿಸುವ ಬದಲು, ಹಲಗೆಗೆ ಒಪ್ಪುವ ಕೆಲಸವನ್ನು ಹುಡುಕುವುದೆಂದು ತೀರ್ಮಾನವಾಯಿತು.

ಬಾಗಿಸಿದಾಗ ಹಲಗೆಯ ಮೇಲೆ ಬೀಳುವ ಎಳೆತ ಮತ್ತು ಒತ್ತಡ ಅದರ ಎರಡು ಮುಖಗಳಲ್ಲಿ ಅತಿ ಹೆಚ್ಚು, ನಡುವೆ ಕಡಿಮೆ. ಆದ್ದರಿಂದ ಮೈಸೀಲಿಯಂ ಹಲಗೆಯನ್ನು ಒಡಲಾಗಿಟ್ಟು ಎರಡೂ ಕಡೆ ಮರದ ತೆಳು ವೆನಿಯರ್ ಹಚ್ಚಿದರೆ ಬಾಗುವಿಕೆಯ ಭಾರವನ್ನು ವೆನಿಯರ್ ಹೊರುತ್ತದೆ. ವೆನಿಯರ್ ಅಂಟಿಸಲು ಸೋಯಾ ಪ್ರೋಟೀನಿನ ಅಂಟು ಬಳಸಿದರು; ಚಕ್ಕೆಗೆ ಸಿಂಪಡಿಸಲು ಮಂದವಾಗಿದ್ದ ಅದು ಚಪ್ಪಟೆ ಮುಖಕ್ಕೆ ಸವರಲು ಸರಿಯಾಗಿತ್ತು. ಅಡ್ಡಗೋಡೆ, ಸೂಚನಾ ಫಲಕ, ಕಪಾಟಿನ ಹಿಂಬದಿ ಇವುಗಳಿಗೆ ಈ ಹಲಗೆ ನಿಗದಿಯಾಯಿತು. ಸ್ಕ್ರೂ ಪದೇ ಪದೇ ಎಳೆಯಲ್ಪಡುವ ಬಾಗಿಲು, ಪುಸ್ತಕದ ಭಾರ ಹೊರುವ ಅಡ್ಡಹಲಗೆ, ನೀರು ಚೆಲ್ಲುವ ಮೇಜಿನ ಮೇಲ್ಭಾಗ ಇವುಗಳಿಗೆ ಅದನ್ನು ಬಳಸಕೂಡದೆಂದು ಬರೆದಿಟ್ಟರು. ಸ್ಕ್ರೂ ಬೇಕಾದ ಕಡೆ ಗಟ್ಟಿ ಮರದ ಪಟ್ಟಿಯನ್ನು ಅಂಚಿಗೆ ಸೇರಿಸಲಾಯಿತು.

ಹಲಗೆಯ ಮೇಲೆ ಅಂಟಿಸುವ ಚೀಟಿಯ ವಿಷಯದಲ್ಲೂ ಒಂದು ನಿರ್ಧಾರ ಬೇಕಾಯಿತು. ಮಾರಾಟದವರು ಬರೆದ ಕರಡಿನಲ್ಲಿ ‘ಫಾರ್ಮಾಲ್ಡಿಹೈಡ್ ಸೊನ್ನೆ’ ಎಂದಿತ್ತು. ಅದು ನಿಜವಲ್ಲ. ಯಾವ ಅಂಟೂ ಸೋಕದ ಮರವೂ, ವಿಶೇಷವಾಗಿ ಬಿಸಿಯಲ್ಲಿ ಒತ್ತಿದಾಗ, ಅತ್ಯಲ್ಪ ಪ್ರಮಾಣದ ಫಾರ್ಮಾಲ್ಡಿಹೈಡನ್ನು ಹೊರಬಿಡುತ್ತದೆ. ಪಾರ್ಟಿಕಲ್ ಬೋರ್ಡಿಗೆ ಅಮೆರಿಕದ ನಿಯಮ ಇಟ್ಟಿರುವ 0.09 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 0.09 ಪಾಲು) ಮಿತಿಗಿಂತ ನಮ್ಮ ಹಲಗೆ ಬಹಳ ಕೆಳಗಿದ್ದರೂ ಸೊನ್ನೆಯಾಗಿರಲಿಲ್ಲ. ಚೀಟಿಯ ಮೇಲೆ ಕೊನೆಗೆ ಮುದ್ರಣವಾದದ್ದು ‘ಫಾರ್ಮಾಲ್ಡಿಹೈಡ್ ಬೆರೆಸಿಲ್ಲ’ ಎಂಬ ಮಾತು. ಮಾರಾಟದವರಿಗೆ ಅದು ಸಪ್ಪೆಯೆನಿಸಿತು, ಗಿರಾಕಿ ಆ ನಿಖರತೆಯನ್ನೇ ಮೆಚ್ಚಿದರು.

ವಿಷವಿಲ್ಲದ ಅಂಟು ಎಂದರೆ ಅಪಾಯವಿಲ್ಲದ ಕೆಲಸವೆಂದು ಅರ್ಥವಲ್ಲ. ಮರದ ಧೂಳು ತಾನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಹಸಿರು ಬೂಷ್ಟು ಹತ್ತಿದ ಚೀಲ ಬಿಚ್ಚಿದರೆ ಬೀಜಕಣಗಳು ಹಾರಿ ಉಸಿರಿಗೆ ಸೇರುತ್ತವೆ. ನಮ್ಮ ಶಿಲೀಂಧ್ರವೇ ಕಾಯಿಬಿಡುವ ಹಂತಕ್ಕೆ ಹೋದರೆ ಅದೂ ಬೀಜಕಣ ಚೆಲ್ಲುತ್ತದೆ. ಹಾಗಾಗಿ ಧೂಳು ಹೀರುವ ಯಂತ್ರವನ್ನು, ಮುಖಗವಸನ್ನು ಮೊದಲಿನಂತೆಯೇ ಉಳಿಸಿಕೊಳ್ಳಲಾಯಿತು, ಬೂಷ್ಟು ಹತ್ತಿದ ಚೀಲವನ್ನು ಬಿಚ್ಚದೆ ಹಬೆಗೆ ಹಾಕಿ ಆಮೇಲೆ ಗೊಬ್ಬರದ ಗುಂಡಿಗೆ ಕಳಿಸಲಾಯಿತು. ಪ್ರೆಸ್ಸಿನ ಮುಂದಿನ ಕಣ್ಣುರಿ ಮಾತ್ರ ನಿಂತಿತು; ಈಗ ಅಲ್ಲಿ ಮರ ಬೇಯಿಸಿದ ವಾಸನೆ ಇರುತ್ತದೆ.

ಹಿಂದೆ ಅಂಟು ಕಲಸಿದ ದಿನವೇ ಹಲಗೆ ಸಿಗುತ್ತಿತ್ತು. ಈಗ ಹುಡಿ ನೆನೆಸಿದ ದಿನದಿಂದ ಹಲಗೆ ಕೈಗೆ ಬರಲು ಮೂರು ವಾರ ಬೇಕು, ಮತ್ತು ಯಂತ್ರ ಕೆಟ್ಟರೆ ಕಾಯುವಂತೆ ಶಿಲೀಂಧ್ರ ಕಾಯುವುದಿಲ್ಲ. ಪ್ರೆಸ್ ಎರಡು ದಿನ ನಿಂತರೆ ಹಾಸು ಹದ ಮೀರುತ್ತದೆ. ಇದಕ್ಕಾಗಿ ಒಂದು ತಣ್ಣನೆಯ ಕೋಣೆ ಮಾಡಿ, ಅಗತ್ಯಬಿದ್ದಾಗ ಹಾಸುಗಳನ್ನು ಅಲ್ಲಿಟ್ಟು ಬೆಳವಣಿಗೆಯನ್ನು ನಿಧಾನಗೊಳಿಸುತ್ತಾರೆ. ಕೆಲಸದ ಪಟ್ಟಿಯನ್ನು ಈಗ ಬರೆಯುವವರು ಅಣಬೆ ಬೆಳೆದು ಅನುಭವವಿರುವ ಆ ಮಗಳು, ಪ್ರೆಸ್ಸಿನವರಲ್ಲ. ಯಾರ ಗಡಿಯಾರದಂತೆ ಕಾರ್ಖಾನೆ ನಡೆಯಬೇಕೆಂಬುದನ್ನು ಹೀಗೆ ತಿರುಗಿಸಿದ್ದು, ತಾಂತ್ರಿಕವಲ್ಲದ ನಿರ್ಧಾರಗಳಲ್ಲಿ ಅತಿ ದೊಡ್ಡದೆಂದು ನನ್ನ ಅಭಿಪ್ರಾಯ.

ಮರಳಿ ಬಂದ ಫಲಕ

ಮೊದಲ ಪೂರೈಕೆಯಾದ ಕೆಲವು ತಿಂಗಳ ಮೇಲೆ ಒಂದು ಅಡ್ಡಗೋಡೆ ಫಲಕ ಮರಳಿ ಬಂತು. ಅದರ ಕೆಳ ಅಂಚಿನಲ್ಲಿ ಬೂದು-ಹಸಿರು ಬೂಷ್ಟು ಹಬ್ಬಿತ್ತು. ಶಿಲೀಂಧ್ರ ಇನ್ನೂ ಬದುಕಿದೆಯೇ, ಪ್ರೆಸ್ಸಿನಲ್ಲಿ ಅದು ಸತ್ತಿರಲಿಲ್ಲವೇ ಎಂಬ ಭಯ ಎಲ್ಲರಿಗೂ ಹುಟ್ಟಿತು, ಮತ್ತು ಅದು ನ್ಯಾಯವಾದ ಭಯ. ಫಲಕದ ಒಡಲಿನಿಂದ ಚೊಕ್ಕವಾಗಿ ಕೊಯ್ದ ತುಂಡುಗಳನ್ನು ಬೇಯಿಸಿದ ತೇವದ ಕಾಳಿನ ಜಾಡಿಗಳಲ್ಲಿಟ್ಟು, ಜೊತೆಗೆ ಒತ್ತದ ಹಾಸಿನ ತುಂಡುಗಳನ್ನೂ ಬೇರೆ ಜಾಡಿಗಳಲ್ಲಿಟ್ಟು ಮೂರು ವಾರ ಕಾದೆವು. ಒತ್ತದ ತುಂಡಿನಿಂದ ನಾಲ್ಕೇ ದಿನಗಳಲ್ಲಿ ಬಿಳಿ ಎಳೆ ಹೊರಟಿತು. ಫಲಕದ ತುಂಡುಗಳಿಂದ ಏನೂ ಬರಲಿಲ್ಲ.

ಫಲಕ ನಿಂತಿದ್ದ ಜಾಗದ ಚಿತ್ರಗಳನ್ನು ತರಿಸಿ ನೋಡಿದಾಗ, ಪ್ರತಿದಿನ ಒದ್ದೆ ಬಟ್ಟೆಯಿಂದ ನೆಲ ಒರೆಸುವಾಗ ಕೆಳ ಅಂಚು ನೆನೆಯುತ್ತಿದ್ದುದು ಕಂಡಿತು. ಅಲ್ಲಿ ಅಂಚಿನ ಪಟ್ಟಿ ಇರಲಿಲ್ಲ, ಕೊಯ್ದ ಚಕ್ಕೆ ನೇರವಾಗಿ ನೆಲಕ್ಕೆ ತಾಗಿತ್ತು. ಹೊರಗಿನ ಬೂಷ್ಟು ಆ ತೇವಕ್ಕೆ ಬಂದದ್ದು. ಅಂದಿನಿಂದ ಪ್ರತಿ ಫಲಕದ ನಾಲ್ಕೂ ಅಂಚುಗಳಿಗೆ ಮರದ ಪಟ್ಟಿ ಕಟ್ಟಿ ಮೇಣ ಸವರುತ್ತಾರೆ, ಕೆಳಗೆ 20 ಮಿಲಿಮೀಟರ್ ಎತ್ತರದ ಕಾಲು ಕೊಡುತ್ತಾರೆ, ಮತ್ತು ಪ್ರತಿ ಸುತ್ತಿನಿಂದ ಒಂದು ತುಂಡನ್ನು ಕಾಳಿನ ಜಾಡಿಯಲ್ಲಿಟ್ಟು, ಮೂರು ವಾರ ಏನೂ ಬೆಳೆಯದಿದ್ದರೆ ಮಾತ್ರ ಆ ಸುತ್ತಿನ ಹಲಗೆಗಳನ್ನು ಹೊರಗೆ ಕಳಿಸುತ್ತಾರೆ.